ಫಲಾನುಭವಿಯ ಟಿಕೆಟ್: ಮಂಗಳೂರು–ಉಡುಪಿ ಬಸ್ ಸೇವೆಯ ವಿಮರ್ಶೆ

ಕಳೆದ ತಿಂಗಳು ಮಂಗಳೂರಿನ ಸಭಾಭವನವೊಂದರಲ್ಲಿ ಬಳಕೆದಾರರ ಸಮಸ್ಯೆಗಳನ್ನು ಕುರಿತ ಸಭೆಗೆ ಹೋಗಿದ್ದೆ. ಆಡಳಿತ ಪಕ್ಷದ ಶಾಸಕರೊಬ್ಬರು, ಕರಾವಳಿಯವರಲ್ಲ, ಸುಮಾರು ಒಂದು ಗಂಟೆಯ ಕಾಲ ಸರ್ಕಾರದ ಸಾರಿಗೆ ನೀತಿಯನ್ನು ಸಮರ್ಥಿಸಿಕೊಂಡರು. ಮಹಿಳೆಯರ ಉಚಿತ ಪ್ರಯಾಣದ ಶಕ್ತಿ ಯೋಜನೆ, ಪ್ರಯಾಣ ದರದ ಏರಿಕೆ, ಖಾಸಗಿ ಬಸ್ಸುಗಳ ಮೇಲಿನ ನಿಯಂತ್ರಣ, ಹೆದ್ದಾರಿಯ ಟೋಲ್ ಹೀಗೆ ಒಂದೊಂದನ್ನೂ ಕೈಗೆತ್ತಿಕೊಂಡು ವಿವರಿಸಿದರು. ಮಾತು ಸ್ಪಷ್ಟವಾಗಿತ್ತು, ಪ್ರಶ್ನೆಗಳಿಗೆ ಸಿಡುಕದೆ ಉತ್ತರಿಸಿದರು. ಆದರೆ ಸಭೆಯುದ್ದಕ್ಕೂ ಅವರು ನಮ್ಮನ್ನು ‘ಫಲಾನುಭವಿಗಳು’ ಎಂದೇ ಕರೆದರು. ಬಳಕೆದಾರರು ಎಂಬ ಶಬ್ದ ಒಮ್ಮೆಯೂ ಬರಲಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತಿದ್ದ ನನಗೆ ಈ ಎರಡು ಶಬ್ದಗಳ ನಡುವಿನ ಅಂತರ ಚೆನ್ನಾಗಿ ಗೊತ್ತು. ಉಳಿತಾಯ ಖಾತೆಯವರು ಪಾಸ್‌ಬುಕ್ಕಿನಲ್ಲಿ ಒಂದು ರೂಪಾಯಿಯ ವ್ಯತ್ಯಾಸ ಕಂಡರೂ ನೇರವಾಗಿ ಮ್ಯಾನೇಜರರ ಕೋಣೆಗೆ ಹೋಗುತ್ತಿದ್ದರು. ಸರ್ಕಾರಿ ಯೋಜನೆಯ ಫಲಾನುಭವಿಗಳು ತಿಂಗಳುಗಟ್ಟಲೆ ಹಣ ಬಾರದಿದ್ದರೂ ಬಾಗಿಲ ಬಳಿಯೇ ನಿಂತು, ‘ಬಂದಿದೆಯಾ ಮೇಡಂ’ ಎಂದು ತಗ್ಗಿದ ದನಿಯಲ್ಲಿ ಕೇಳಿ ಹಿಂತಿರುಗುತ್ತಿದ್ದರು.

ಉಡುಪಿ ಕಡೆಯವರಿಗೆ ‘ಬಳಕೆದಾರ’ ಎಂಬುದು ಬರಿಯ ಶಬ್ದವಲ್ಲ. ಗ್ರಾಹಕರ ಹಕ್ಕು ಎಂದರೆ ಏನೆಂದು ದೇಶದ ಬಹುಭಾಗಕ್ಕೆ ತಿಳಿಯದಿದ್ದ ಕಾಲದಲ್ಲಿಯೇ ಡಾ. ರವೀಂದ್ರನಾಥ ಶಾನುಭಾಗರಂಥವರು ಇಲ್ಲಿ ಬಳಕೆದಾರರ ವೇದಿಕೆಯ ಮೂಲಕ ಜನರಿಗೆ ರಶೀದಿ ಕೇಳುವುದನ್ನು ಕಲಿಸಿದ್ದರು. ಹಾಗಾಗಿ ಸಭೆ ಮುಗಿಸಿ ಕಟಪಾಡಿಗೆ ಮರಳುವಾಗ, ಶಾಸಕರು ಆಡಿದ ಮಾತುಗಳನ್ನೇ ಅಳತೆಗೋಲಾಗಿ ಇಟ್ಟುಕೊಂಡು ಈ ದಾರಿಯ ಬಸ್ ಸೇವೆಯನ್ನು ಒಬ್ಬ ಬಳಕೆದಾರಳಾಗಿ ಒರೆಗೆ ಹಚ್ಚಿ ನೋಡಬೇಕೆನಿಸಿತು. ಮುಂದಿನ ಎರಡು ವಾರಗಳಲ್ಲಿ ಖಾಸಗಿ ಬಸ್ಸಿನಲ್ಲಿ ಮೂರು ಬಾರಿ, ಸರ್ಕಾರಿ ಬಸ್ಸಿನಲ್ಲಿ ಎರಡು ಬಾರಿ ಪ್ರಯಾಣ ಮಾಡಿದೆ. ಈ ಬರಹ ಆ ಐದು ಪ್ರಯಾಣಗಳ ವಿಮರ್ಶೆ. ಜೊತೆಗೆ ಶಾಸಕರ ಸಮರ್ಥನೆಯದ್ದೂ ಹೌದು.

ಮೊದಲು ಖಾಸಗಿ ಬಸ್ಸು. ಸ್ಟೇಟ್‌ಬ್ಯಾಂಕ್ ನಿಲ್ದಾಣಕ್ಕೆ ಕಾಲಿಟ್ಟ ಕೂಡಲೇ ‘ಉಡುಪಿ ಉಡುಪಿ, ಮಣಿಪಾಲ’ ಎಂಬ ಕೂಗು ಕಿವಿಗೆ ಬೀಳುತ್ತದೆ, ಒಂದು ಬಸ್ಸು ತಪ್ಪಿದರೆ ಅದರ ಬೆನ್ನಿಗೇ ಇನ್ನೊಂದು ಇರುತ್ತದೆ. ಪಿವಿಎಸ್, ಲಾಲ್‌ಬಾಗ್ ದಾಟಿ ಕೊಟ್ಟಾರ ಚೌಕಿಯಲ್ಲಿ ರಾಷ್ಟ್ರೀಯ ಹೆದ್ದಾರಿ 66 ಹಿಡಿದರೆ ಕೂಳೂರು, ಪಣಂಬೂರು, ಸುರತ್ಕಲ್, ಮುಕ್ಕ, ಹಳೆಯಂಗಡಿ, ಶಾಂಭವಿ ಹೊಳೆ ದಾಟುವಾಗ ಮೂಲ್ಕಿ, ಆಮೇಲೆ ಹೆಜಮಾಡಿಯ ಟೋಲ್, ಪಡುಬಿದ್ರಿ, ಉಚ್ಚಿಲ, ಕಾಪು, ಕಟಪಾಡಿ, ಉದ್ಯಾವರ. ಊರು ಮುಗಿಯುವ ಮೊದಲೇ ಊರು ಶುರುವಾಗುವ ದಾರಿ ಇದು. ಇಂಥ ದಾರಿಯಲ್ಲಿ ಕೈ ತೋರಿಸಿದಲ್ಲಿ ನಿಲ್ಲುವ, ಬೇಕಾದಲ್ಲಿ ಇಳಿಸುವ ಬಸ್ಸು ಜನರಿಗೆ ಎಷ್ಟು ಅನುಕೂಲವೆಂಬುದನ್ನು ಬೆಂಗಳೂರಿನಲ್ಲಿ ಕುಳಿತು ಊಹಿಸುವುದು ಕಷ್ಟ. ಮೀನಿನ ಬುಟ್ಟಿ, ಮಲ್ಲಿಗೆಯ ಕಟ್ಟು, ಮದುವೆಯ ಆಮಂತ್ರಣ ಪತ್ರಿಕೆಯ ಪೆಟ್ಟಿಗೆ ಎಲ್ಲವೂ ಇದೇ ಬಸ್ಸುಗಳಲ್ಲಿ ಊರು ಸೇರುತ್ತವೆ. ಸಮಯದ ವಿಷಯದಲ್ಲಿ ಮೂರು ಪ್ರಯಾಣಗಳೂ ಬಹುತೇಕ ಹೇಳಿದ ಹೊತ್ತಿಗೇ ಮುಗಿದವು. ಅದರ ಹಿಂದಿನ ಕಾರಣವೂ ಎಲ್ಲರಿಗೆ ಗೊತ್ತಿರುವುದೇ: ಟೈಮ್ ಕೀಪರಿನ ಎದುರು ಒಂದು ನಿಮಿಷ ತಡವಾದರೆ ಹಿಂದಿನ ಬಸ್ಸಿನವರೊಡನೆ ಜಗಳ, ಮತ್ತು ಬಸ್ಸಿನ ಸಿಬ್ಬಂದಿಯ ಬತ್ತಾ ನಿಂತಿರುವುದು ದಿನದ ಕಲೆಕ್ಷನ್ ಮೇಲೆ. ಈ ಓಟದ ಬೆಲೆಯನ್ನು ಪ್ರಯಾಣಿಕರು ಸೊಂಟದ ನೋವಿನ ರೂಪದಲ್ಲಿ ತೆರುತ್ತಾರೆ. ಕೂಳೂರಿನಿಂದ ಸುರತ್ಕಲ್‌ವರೆಗೆ ನಿಂತು ಬಂದ ಒಂದು ಸಂಜೆ ನಾನು ಕಂಬಿಯನ್ನು ಎರಡೂ ಕೈಗಳಿಂದ ಹಿಡಿದಿದ್ದೆ. ಚೀಲ ಯಾರದೋ ಮಡಿಲಲ್ಲಿತ್ತು. ಹಾಗೆ ಕೇಳದೆ ಚೀಲ ತೆಗೆದುಕೊಳ್ಳುವವರು ಇರುವುದೂ ಈ ಸೇವೆಯ ಭಾಗವೇ ಎಂದು ನಾನು ಲೆಕ್ಕ ಹಾಕುತ್ತೇನೆ.

ಎರಡನೆಯ ಪ್ರಯಾಣದಲ್ಲಿ ನಡೆದದ್ದನ್ನು ತುಸು ವಿವರವಾಗಿ ಹೇಳಬೇಕು. ಬಸ್ಸಿನ ಹೆಸರು ಬೇಡ. ಕಟಪಾಡಿ ಎಂದು ಹೇಳಿ ನೋಟು ಕೊಟ್ಟೆ. ಕಂಡಕ್ಟರ್ ಹಣ ತೆಗೆದುಕೊಂಡು, ‘ಚಿಲ್ಲರೆ ಇಳಿಯುವಾಗ ಕೊಡ್ತೇನೆ ಅಕ್ಕ’ ಎಂದು ಮುಂದೆ ಹೋದರು. ಟಿಕೆಟಿನ ಯಂತ್ರ ಅವರ ಹೆಗಲಿನಲ್ಲಿ ನೇತಾಡುತ್ತಿತ್ತು, ಆದರೆ ಅದರಿಂದ ಒಂದು ಚೂರು ಕಾಗದವೂ ಹೊರಬರಲಿಲ್ಲ. ಮರಳಿ ಬಂದಾಗ ಟಿಕೆಟ್ ಕೇಳಿದೆ. ‘ನಿಮಗೆ ಟಿಕೆಟ್ ಯಾಕೆ ಅಕ್ಕ, ಕಟಪಾಡಿ ಅಲ್ವಾ, ನೆನಪುಂಟು’ ಎಂದರು. ನಿಜಕ್ಕೂ ನೆನಪಿತ್ತು. ಕಾಪು ದಾಟುತ್ತಲೇ ನನ್ನನ್ನು ಕರೆದು ಬಾಗಿಲ ಬಳಿ ನಿಲ್ಲಿಸಿದರು, ಚಿಲ್ಲರೆಯನ್ನೂ ಕೊಟ್ಟರು, ಐದು ರೂಪಾಯಿ ಕಡಿಮೆ. ವಿನಯದಲ್ಲಿ ಕೊರತೆ ಇರಲಿಲ್ಲ. ಆದರೆ ಅವರ ನೆನಪು ಅವರದ್ದು, ನನ್ನ ಕೈಯಲ್ಲಿ ದಾಖಲೆ ಏನೂ ಇಲ್ಲ. ದಾರಿಯಲ್ಲಿ ಅಪಘಾತವಾಗಿದ್ದರೆ ನಾನು ಆ ಬಸ್ಸಿನಲ್ಲಿದ್ದೆ ಎಂಬುದಕ್ಕಾಗಲಿ, ಹೆಚ್ಚು ಹಣ ಪಡೆದಿದ್ದರೆ ಎಷ್ಟು ಕೊಟ್ಟೆ ಎಂಬುದಕ್ಕಾಗಲಿ ಯಾವ ಸಾಕ್ಷಿಯೂ ಇರುತ್ತಿರಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 178ನೇ ಕಲಂ ಟಿಕೆಟ್ ಇಲ್ಲದೆ ಪ್ರಯಾಣಿಸುವವರಿಗೆ ದಂಡ ಹಾಕುವುದು ಎಲ್ಲರಿಗೂ ಗೊತ್ತು. ಅದೇ ಕಲಂ, ಟಿಕೆಟ್ ಕೊಡದ ಅಥವಾ ಕಡಿಮೆ ಮೌಲ್ಯದ ಟಿಕೆಟ್ ಕೊಡುವ ಕಂಡಕ್ಟರಿಗೂ 500 ರೂಪಾಯಿವರೆಗೆ ದಂಡ ಹಾಕಬಹುದು ಎನ್ನುತ್ತದೆ ಎಂಬುದನ್ನು ಓದಿದವರು ಕಡಿಮೆ.

ನ್ಯಾಯವಾಗಿ ಹೇಳಬೇಕೆಂದರೆ ಇನ್ನೆರಡು ಬಸ್ಸುಗಳಲ್ಲಿ ಕೇಳುವ ಮೊದಲೇ ಟಿಕೆಟ್ ಸಿಕ್ಕಿತು. ಮಂಗಳೂರು, ಉಡುಪಿಯ ಖಾಸಗಿ ಬಸ್ಸುಗಳಲ್ಲಿ ಚಲೋ ಕಾರ್ಡಿನ ಬಳಕೆಯೂ ಬಂದಿದೆ. ಕಾಲೇಜಿನ ಮಕ್ಕಳು ಅದನ್ನು ಯಂತ್ರಕ್ಕೆ ತಾಗಿಸಿ ಚಿಲ್ಲರೆಯ ಗೋಜಿಲ್ಲದೆ ಹೋಗುವುದನ್ನು ನೋಡಿದರೆ ಸಂತೋಷವಾಗುತ್ತದೆ.

ಸರ್ಕಾರಿ ಬಸ್ಸಿಗೆ ಬಿಜೈಯ ನಿಲ್ದಾಣಕ್ಕೆ ಹೋಗಬೇಕು. ಸ್ಟೇಟ್‌ಬ್ಯಾಂಕಿನ ಗಲಾಟೆಗೆ ಹೋಲಿಸಿದರೆ ಬಿಜೈ ಬೇರೆಯೇ ಲೋಕ: ಕೂರಲು ಜಾಗ, ಅಂಕಣಗಳ ಮೇಲೆ ಊರುಗಳ ಫಲಕ, ಧ್ವನಿವರ್ಧಕದಲ್ಲಿ ಹೊರಡುವ ಬಸ್ಸಿನ ಘೋಷಣೆ. ಆಧಾರ್ ಕಾರ್ಡ್ ತೋರಿಸಿದೆ, ನಿರ್ವಾಹಕಿ ಅದನ್ನು ನೋಡಿ ಶೂನ್ಯ ಮೊತ್ತದ ಟಿಕೆಟ್ ಕೊಟ್ಟರು. ಎರಡು ಪ್ರಯಾಣಗಳಲ್ಲಿಯೂ ಆಸನ ಸಿಕ್ಕಿತು, ಓಟ ಹದವಾಗಿತ್ತು, ಟಿಕೆಟ್ ಇಲ್ಲದೆ ಬಸ್ಸಿನಲ್ಲಿ ಒಬ್ಬರೂ ಇರಲಿಲ್ಲ. ನೂರು ರೂಪಾಯಿಯ ನೋಟಿಗೆ ಸಿಗದಿದ್ದ ದಾಖಲೆ ಶೂನ್ಯ ರೂಪಾಯಿಗೆ ಸಿಕ್ಕಿತಲ್ಲ ಎಂದು ಆ ಚೀಟಿಯನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದೆ.

ಪಕ್ಕದಲ್ಲಿ ಕುಳಿತಿದ್ದವರು ಮೂಲ್ಕಿಯವರು, ಮಂಗಳೂರಿನ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿರುವವರು. ದಿನಾ ಇದೇ ಬಸ್ಸಿಗೆ ಬರುತ್ತೀರಾ ಎಂದು ಕೇಳಿದೆ. ‘ಸಂಜೆ ಮಾತ್ರ. ಬೆಳಿಗ್ಗೆ ನನ್ನ ಟೈಮಿಗೆ ಸಿಗುವುದು ಖಾಸಗಿ ಬಸ್ಸೇ, ಅಂಗಡಿ ಬಾಗಿಲು ತೆಗೆಯುವಾಗ ನಾನಲ್ಲಿ ಇರಬೇಕಲ್ಲ. ಹಾಗಾಗಿ ನನ್ನದು ಅರ್ಧ ಶಕ್ತಿ’ ಎಂದು ನಕ್ಕರು. ಒಂದು ಗಂಟೆಯ ಭಾಷಣದಲ್ಲಿ ಶಾಸಕರು ಹೇಳದೇ ಉಳಿದದ್ದನ್ನು ಆ ಎರಡು ಶಬ್ದಗಳು ಹೇಳಿದವು.

ಶಾಸಕರ ಮೊದಲ ಸಮರ್ಥನೆ ಶಕ್ತಿ ಯೋಜನೆಯದ್ದೇ ಆಗಿತ್ತು. 2023ರ ಜೂನ್ 11ರಂದು ಆರಂಭವಾದ ಯೋಜನೆಯಡಿ ರಾಜ್ಯದ ಮಹಿಳೆಯರು ಮತ್ತು ಲಿಂಗತ್ವ ಅಲ್ಪಸಂಖ್ಯಾತರು ನಾಲ್ಕು ಸರ್ಕಾರಿ ಸಾರಿಗೆ ನಿಗಮಗಳ ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ ರಾಜ್ಯದೊಳಗೆ ಹಣ ಕೊಡದೆ ಪ್ರಯಾಣಿಸಬಹುದು. 2025ರ ಜುಲೈ 14ರಂದು ಶೂನ್ಯ ಟಿಕೆಟುಗಳ ಸಂಖ್ಯೆ 500 ಕೋಟಿ ಮುಟ್ಟಿದ್ದನ್ನು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಟಿಕೆಟ್ ಕೊಟ್ಟು ಆಚರಿಸಿದರು. ಯೋಜನೆಯನ್ನು ಹೀಗಳೆಯುವ ಉದ್ದೇಶ ನನಗಿಲ್ಲ. ತವರಿಗೆ ಹೋಗಲು ಗಂಡನ ಬಳಿ ಬಸ್ಸಿನ ಹಣ ಕೇಳಬೇಕಾಗಿದ್ದ ಹೆಂಗಸರನ್ನು ಕೌಂಟರಿನ ಆಚೆ ಬದಿಯಲ್ಲಿ ದಶಕಗಳ ಕಾಲ ಕಂಡಿದ್ದೇನೆ. ಆದರೆ 500 ಕೋಟಿ ಎಂಬುದು ಇಡೀ ರಾಜ್ಯದ ಲೆಕ್ಕ. ಸರ್ಕಾರಿ ಬಸ್ಸೇ ಹೆಚ್ಚಾಗಿರುವ ಹಾಸನ, ಮಂಡ್ಯದ ಮಹಿಳೆಗೆ ಸಿಗುವ ಶಕ್ತಿಗೂ, ಬಹುಪಾಲು ಮಾರ್ಗಗಳಲ್ಲಿ ಖಾಸಗಿ ಬಸ್ಸೇ ಓಡುವ ನಮ್ಮ ಎರಡು ಜಿಲ್ಲೆಗಳ ಮಹಿಳೆಗೆ ಸಿಗುವ ಶಕ್ತಿಗೂ ಇರುವ ವ್ಯತ್ಯಾಸ ಆ ಸಂಖ್ಯೆಯೊಳಗೆ ಮುಳುಗಿಹೋಗುತ್ತದೆ.

ಈ ವ್ಯತ್ಯಾಸ ಈಗಿನ ಸರ್ಕಾರ ಮಾಡಿದ್ದಲ್ಲ ಎಂಬುದನ್ನೂ ಒಪ್ಪಬೇಕು. ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ ಹುಟ್ಟಿದ್ದು 1914ರಲ್ಲಿ. ನಮ್ಮವರು ಸಿಪಿಸಿ ಎಂದೇ ಕರೆಯುತ್ತಿದ್ದ ಆ ಕಂಪೆನಿಯ ಕಾಲದಿಂದ ಇಲ್ಲಿ ಬಸ್ಸೆಂದರೆ ಖಾಸಗಿ ಬಸ್ಸು. ಹಳೆಯ ಮೈಸೂರಿನಲ್ಲಿ 1948ರಲ್ಲಿ ಸರ್ಕಾರಿ ಸಾರಿಗೆ ಆರಂಭವಾದಾಗ ನಾವಿನ್ನೂ ಮದ್ರಾಸಿಗೆ ಸೇರಿದ್ದೆವು, 1956ರಲ್ಲಿ ಈಚೆ ಬಂದ ಮೇಲೂ ಬಹುಪಾಲು ಮಾರ್ಗಗಳು ಖಾಸಗಿಯವರಲ್ಲೇ ಉಳಿದವು. ಸರ್ಕಾರಿ ಬಸ್ಸಿಗೆ ಹೊಸ ಪರ್ಮಿಟ್ ಎಂದಾಗಲೆಲ್ಲ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಎದುರು ಆಕ್ಷೇಪಣೆಗಳು ಏಳುವುದು ಇಲ್ಲಿ ಹೊಸದಲ್ಲ. ಖಾಸಗಿ ಬಸ್ಸಿನ ಮಾಲೀಕರು, ಚಾಲಕರು, ಕಂಡಕ್ಟರುಗಳು, ಟೈಮ್ ಕೀಪರುಗಳು ಎಲ್ಲರೂ ನಮ್ಮ ಊರಿನವರೇ. ಅವರ ಅನ್ನವನ್ನು ಕಿತ್ತುಕೊಂಡು ನನಗೆ ಉಚಿತ ಪ್ರಯಾಣ ಬೇಡ.

ಹಾಗಾದರೆ ಖಾಸಗಿ ಬಸ್ಸಿಗೂ ಶಕ್ತಿಯನ್ನು ವಿಸ್ತರಿಸಬಾರದೇಕೆ ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ಇದು ಹೊಸ ಬೇಡಿಕೆಯಲ್ಲ. 2023ರ ಸೆಪ್ಟೆಂಬರ್ 11ರಂದು ಬೆಂಗಳೂರಿನಲ್ಲಿ ಖಾಸಗಿ ಸಾರಿಗೆಯವರು ನಡೆಸಿದ ಬಂದ್‌ನ ಬೇಡಿಕೆಗಳಲ್ಲಿ ಇದೂ ಇತ್ತು. ಶಾಸಕರ ಉತ್ತರ ಚುರುಕಾಗಿತ್ತು: ನಿಗಮದಲ್ಲಿ ಪ್ರತಿ ಶೂನ್ಯ ಟಿಕೆಟಿಗೂ ಯಂತ್ರದಲ್ಲಿ ಲೆಕ್ಕವಿದೆ, ಅದನ್ನು ನೋಡಿ ಸರ್ಕಾರ ಹಣ ಕೊಡುತ್ತದೆ, ಟಿಕೆಟ್ಟೇ ಹರಿಯದ ಬಸ್ಸಿಗೆ ಯಾವ ಲೆಕ್ಕದ ಮೇಲೆ ಹಣ ಕೊಡುವುದು? ಸಭೆಯಲ್ಲಿ ಚಪ್ಪಾಳೆ ಬಿತ್ತು, ನಾನೂ ಚಪ್ಪಾಳೆ ತಟ್ಟಿದೆ. ಕಟಪಾಡಿಯ ‘ನೆನಪುಂಟು’ ಪ್ರಸಂಗ ನಡೆದ ಮೇಲೆ ಆ ಚಪ್ಪಾಳೆಯಲ್ಲಿ ಅರ್ಧವನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಖಾಸಗಿ ಬಸ್ಸಿನ ದರವನ್ನು ನಿಗದಿ ಮಾಡುವುದು ರಾಜ್ಯ ಸರ್ಕಾರ, ಪರ್ಮಿಟ್ ಕೊಡುವುದು ಸರ್ಕಾರದ ಪ್ರಾಧಿಕಾರ, ಟಿಕೆಟ್ ಕೊಡದವರನ್ನು ಹಿಡಿಯಬೇಕಾದದ್ದು ಸಾರಿಗೆ ಇಲಾಖೆ. ತಾನೇ ಜಾರಿ ಮಾಡಬೇಕಾದ ನಿಯಮ ಜಾರಿಯಾಗಿಲ್ಲವೆಂಬುದನ್ನೇ ಕಾರಣವಾಗಿ ಮುಂದಿಟ್ಟು ಸೌಲಭ್ಯವನ್ನು ನಿರಾಕರಿಸಿದರೆ, ಅದು ಖಾತೆಗೆ ಹಣ ಹಾಕಲು ಮರೆತ ಬ್ಯಾಂಕು ಖಾತೆಯಲ್ಲಿ ಹಣವಿಲ್ಲವೆಂದು ಚೆಕ್ ವಾಪಸು ಮಾಡಿದ ಹಾಗೆ.

ದರ ಏರಿಕೆಯ ಬಗ್ಗೆ ಅವರ ಸಮರ್ಥನೆ ಇದಕ್ಕಿಂತ ಗಟ್ಟಿಯಾಗಿತ್ತು, ಅಷ್ಟೇ ಜಾಣತನವೂ ಅದರಲ್ಲಿತ್ತು. 2025ರ ಜನವರಿ 5ರಿಂದ ನಾಲ್ಕೂ ನಿಗಮಗಳ ದರ ಶೇ. 15ರಷ್ಟು ಏರಿದೆ. ಸಂಪುಟದ ತೀರ್ಮಾನವನ್ನು ಪ್ರಕಟಿಸುವಾಗ ಸಚಿವ ಎಚ್.ಕೆ. ಪಾಟೀಲರು ಕೊಟ್ಟ ಅಂಕಿಗಳನ್ನೇ ಶಾಸಕರೂ ಮುಂದಿಟ್ಟರು: ನಿಗಮಗಳ ದಿನದ ಡೀಸೆಲ್ ವೆಚ್ಚ ಹತ್ತು ವರ್ಷಗಳ ಹಿಂದೆ 9.16 ಕೋಟಿ ಇದ್ದದ್ದು 13.21 ಕೋಟಿಗೆ ಏರಿದೆ. ಅಂದರೆ ಶೇ. 44ರಷ್ಟು ಹೆಚ್ಚಳ, ಅದರ ಎದುರು 15 ಎಷ್ಟರ ಮಾತು ಎನಿಸುತ್ತದೆ. ಆದರೆ ಬೆಂಗಳೂರಿನ ನಗರ ಸಾರಿಗೆಯ ದರ 2015ರಿಂದ ಏರಿರಲಿಲ್ಲವಾದರೂ, ನಾವು ಹತ್ತುವ ಕೆಎಸ್‌ಆರ್‌ಟಿಸಿಯ ದರ 2020ರ ಫೆಬ್ರುವರಿಯಲ್ಲಿ ಒಮ್ಮೆ ಏರಿತ್ತು. ಹತ್ತು ವರ್ಷದ ಖರ್ಚನ್ನು ಐದು ವರ್ಷದ ದರದ ಪಕ್ಕದಲ್ಲಿ ಇಟ್ಟು ತೋರಿಸಿದರೆ ಆಡಿಟ್ಟಿನವರು ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಾರೆ. ಹಾಗೆಂದು ಏರಿಕೆ ಅನ್ಯಾಯವೆಂದು ನಾನು ಹೇಳುವುದಿಲ್ಲ. ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಶೇ. 3ರಷ್ಟಾಯಿತು, ಹಾಲು, ಅಕ್ಕಿ, ಗ್ಯಾಸ್ ಸಿಲಿಂಡರಿನ ಬೆಲೆಯನ್ನು ಕಂಡವರಿಗೆ ಇದು ಹೆಚ್ಚೆನಿಸದು. ಅವರು ಈ ಸರಳ ಲೆಕ್ಕವನ್ನೇ ಹೇಳಬಹುದಿತ್ತು, ಜನ ಒಪ್ಪುತ್ತಿದ್ದರು.

ಟೋಲ್ ವಿಷಯದಲ್ಲಿ ಅವರು ಕೈತೊಳೆದುಕೊಂಡರು. ಸುರತ್ಕಲ್‌ನ ಟೋಲ್ ಸಂಗ್ರಹ ದೀರ್ಘ ಹೋರಾಟದ ನಂತರ 2022ರ ಡಿಸೆಂಬರ್ 1ರಂದು ನಿಂತಿತು, ಹೆಜಮಾಡಿಯದ್ದು ಮುಂದುವರಿದಿದೆ. ಅದು ಕೇಂದ್ರದ ವಿಷಯ ಎಂದು ಮುಗಿಸಿದರು. ಕಾನೂನಿನಲ್ಲಿ ಅದು ಸರಿಯೇ.

ಕೊನೆಯಲ್ಲಿ ನಾನೂ ಒಂದು ಪ್ರಶ್ನೆ ಕೇಳಿದ್ದೆ. ಶೂನ್ಯ ಟಿಕೆಟ್ ಹಿಡಿದವಳು ಗ್ರಾಹಕಳು ಹೌದೋ ಅಲ್ಲವೋ, ಸೇವೆಯಲ್ಲಿ ಕೊರತೆಯಾದರೆ ಅವಳು ಗ್ರಾಹಕರ ಆಯೋಗಕ್ಕೆ ಹೋಗಬಹುದೇ? ಶಾಸಕರು ನಗುತ್ತಾ, ‘ಉಚಿತವಾಗಿ ಕೊಟ್ಟದ್ದಕ್ಕೂ ದೂರು ಉಂಟಾ ಅಮ್ಮ’ ಎಂದರು. ಸಭೆ ನಕ್ಕಿತು. ಆಮೇಲೆ ಗಂಭೀರವಾಗಿಯೇ, ಡಿಪೊ ಮಟ್ಟದಲ್ಲಿ ದೂರು ಕೊಟ್ಟರೆ ಪರಿಶೀಲಿಸುತ್ತಾರೆ ಎಂದು ಸೇರಿಸಿದರು. ಆ ನಗುವಿಗೆ ಉತ್ತರ ಹುಡುಕುತ್ತಾ ಮನೆಯಲ್ಲಿ ಕಾಯ್ದೆಯನ್ನು ತೆರೆದು ಕುಳಿತೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ‘ಸೇವೆ’ ಎಂಬುದರಲ್ಲಿ ಸಾರಿಗೆಯನ್ನು ಹೆಸರಿಸಿಯೇ ಸೇರಿಸುತ್ತದೆ, ಜೊತೆಗೆ ಸಂಪೂರ್ಣ ಉಚಿತವಾದ ಸೇವೆಯನ್ನು ಹೊರಗಿಡುತ್ತದೆ. ಇಲ್ಲಿಗೇ ನಿಲ್ಲಿಸಿದರೆ ಶಾಸಕರ ನಗು ಗೆದ್ದಂತೆ. ಆದರೆ ಅದೇ ಕಾಯ್ದೆ ‘ಗ್ರಾಹಕ’ ಯಾರು ಎಂದು ಹೇಳುವಾಗ, ಹಣ ಕೊಟ್ಟವರ ಒಪ್ಪಿಗೆಯಿಂದ ಸೇವೆಯನ್ನು ಪಡೆಯುವವರೂ ಗ್ರಾಹಕರೇ ಎನ್ನುತ್ತದೆ. ಅವರಿಗೆ ಕಾಯ್ದೆ ಬಳಸಿರುವ ಶಬ್ದವನ್ನು ಕನ್ನಡಕ್ಕೆ ತಂದರೆ ‘ಫಲಾನುಭವಿ’ ಎಂದೇ ಆಗುತ್ತದೆ! ನನ್ನ ಪ್ರಯಾಣಕ್ಕೆ ನಿಗಮಕ್ಕೆ ಹಣ ಸಲ್ಲುತ್ತದೆ, ಸಲ್ಲಿಸುವುದು ಸರ್ಕಾರ, ಅದರ ಬೊಕ್ಕಸಕ್ಕೆ ತುಂಬಿಸುವುದರಲ್ಲಿ ನನ್ನ ಪಾಲೂ ಇದೆ. 1995ರಲ್ಲಿ ಇಂಡಿಯನ್ ಮೆಡಿಕಲ್ ಅಸೋಸಿಯೇಷನ್ ಮತ್ತು ವಿ.ಪಿ. ಶಾಂತಾ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತವಾಗಿ ಚಿಕಿತ್ಸೆ ನೀಡುವ ಆಸ್ಪತ್ರೆಯಲ್ಲಿ ಉಚಿತ ಚಿಕಿತ್ಸೆ ಪಡೆದವರಿಗೂ ಈ ಕಾನೂನಿನ ರಕ್ಷಣೆ ಇದೆ ಎಂದು ಹೇಳಿತ್ತು. ನನ್ನ ಪಕ್ಕದ ಸೀಟಿನ ಗಂಡಸು ಹಣ ಕೊಟ್ಟು ಟಿಕೆಟ್ ಪಡೆದಿರುವ ಬಸ್ಸಿಗೂ ಇದೇ ತರ್ಕ ಹೊಂದುತ್ತದೆಂದು ನನ್ನ ಅಭಿಪ್ರಾಯ. ವಕೀಲರು ತಿದ್ದಿದರೆ ತಿದ್ದಿಕೊಳ್ಳುತ್ತೇನೆ.

ಖಾಸಗಿ ಬಸ್ಸಿನಲ್ಲಿ ಈ ಗೊಂದಲವೇ ಇಲ್ಲ, ಹಣ ಕೊಟ್ಟವರು ಗ್ರಾಹಕರು. ಟಿಕೆಟ್ ಇಟ್ಟುಕೊಂಡಿದ್ದರೆ 1915 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕರೆ ಮಾಡಬಹುದು. ಜಿಲ್ಲಾ ಆಯೋಗದಲ್ಲಿ ದೂರು ಕೊಡಲು ಎರಡು ವರ್ಷಗಳ ಕಾಲಾವಕಾಶವಿದೆ, ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವೂ ಇಲ್ಲ. ಐದು ರೂಪಾಯಿಯ ಚಿಲ್ಲರೆಗೆ ನಾನು ಅಷ್ಟು ದೂರ ಹೋಗುವವಳಲ್ಲ.

ಅಂಕ ಕೊಡಬೇಕೆಂದರೆ, ಖಾಸಗಿ ಸೇವೆಗೆ ಅನುಕೂಲ ಮತ್ತು ಸಮಯಕ್ಕಾಗಿ ಐದರಲ್ಲಿ ನಾಲ್ಕೂವರೆ, ಟಿಕೆಟಿನ ಶಿಸ್ತಿಗೆ ಎರಡು. ಸರ್ಕಾರಿ ಸೇವೆಗೆ ಶಿಸ್ತು, ಸೌಜನ್ಯಗಳಿಗೆ ನಾಲ್ಕು. ಈ ದಾರಿಯಲ್ಲಿ ಬಸ್ಸುಗಳ ಸಂಖ್ಯೆಗೆ ಅಂಕ ಕೊಡುವುದಾದರೆ ಅದನ್ನು ನಿರ್ವಾಹಕಿಗೆ ಕೊಡಲಾಗದು, ನೀತಿ ರೂಪಿಸಿದವರಿಗೆ ಕೊಡಬೇಕು, ಅವರಿಗೆ ಒಂದೂವರೆ. ಶಾಸಕರ ಸಮರ್ಥನೆಗೆ ಮೂರು. ಆ ನಗು ಇಲ್ಲದಿದ್ದರೆ ಮೂರೂವರೆ ಇರುತ್ತಿತ್ತು. ಮೂಲ್ಕಿಯ ಆ ಸಹಪ್ರಯಾಣಿಕರಂಥವರಿಗಾಗಿ ಬೆಳಿಗ್ಗೆ ಎಂಟರಿಂದ ಒಂಬತ್ತೂವರೆಯೊಳಗೆ ಮಂಗಳೂರು ಮುಟ್ಟುವಂತೆ ಉಡುಪಿ ಕಡೆಯಿಂದ ಸರ್ಕಾರಿ ಬಸ್ಸುಗಳನ್ನು ಹೆಚ್ಚಿಸಬೇಕು, ಖಾಸಗಿ ಬಸ್ಸುಗಳಲ್ಲಿ ಯಂತ್ರದ ಟಿಕೆಟ್ ಕಡ್ಡಾಯವಾಗಿ ಕೊಡುವುದನ್ನು ತಪಾಸಣೆ ಮಾಡಬೇಕು ಎಂದು ಸಾರಿಗೆ ಪ್ರಾಧಿಕಾರಕ್ಕೆ ಒಂದು ಪತ್ರ ಬರೆದು, ಅದರ ಪ್ರತಿಯನ್ನು ಶಾಸಕರ ವಿಳಾಸಕ್ಕೂ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿದ್ದೇನೆ. ಅಂಚೆ ಕಚೇರಿಯವರು ಕೊಟ್ಟ ರಶೀದಿ ನನ್ನ ಬಳಿ ಇದೆ.